ಮನೆಯಲ್ಲಿ ಮಾಡಿದ್ದೆಲ್ಲ ಉಳಿತಾಯ ಅಲ್ಲ

(ಮೈಸೂರಿನ ನಮ್ಮ ಬಡಾವಣೆಯ ಮಹಿಳಾ ಸಂಘದಲ್ಲಿ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತುಗಳು. ಅಳತೆಗಳನ್ನು ಬರೆದುಕೊಡಿ ಎಂದು ಕೆಲವರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಮಧ್ಯೆ ಮಧ್ಯೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ಬಂದಿದ್ದೀರಿ, ಕಣ್ಣು ಎಳೆಯುವ ಹೊತ್ತು. ಅದಕ್ಕೇ ಒಂದು ಸ್ಫೋಟದಿಂದ ಶುರು ಮಾಡುತ್ತೇನೆ.

ಎರಡು ವರ್ಷದ ಹಿಂದೆ, ರಾತ್ರಿ 2 ಗಂಟೆಗೆ, ನಮ್ಮ ಅಡುಗೆಮನೆಯಲ್ಲಿ ಡಬ್ ಅಂತ ಸದ್ದಾಯಿತು. ನಮ್ಮ ಯಜಮಾನರು ಸಿಲಿಂಡರೇ ಹೋಯಿತು ಅಂದುಕೊಂಡು ಬರಿಗಾಲಲ್ಲಿ ಓಡಿದರು. ಸಿಲಿಂಡರ್ ನೆಟ್ಟಗೇ ಇತ್ತು. ಸಿಡಿದಿದ್ದು ಸಿಂಕಿನ ಕೆಳಗೆ ನಾನು ಇಟ್ಟಿದ್ದ ಬಯೋ ಎಂಜೈಮ್ ಬಾಟಲಿ. ಹಣ್ಣಿನ ಸಿಪ್ಪೆ ಹುಳಿಸಿ ಮಾಡುವ ತೊಳೆಯುವ ನೀರು ಅದು. 1 ಪಾಲು ಬೆಲ್ಲ, 3 ಪಾಲು ಮೂಸಂಬಿ ಸಿಪ್ಪೆ, 10 ಪಾಲು ನೀರು, ಮೂರು ತಿಂಗಳು. ಈ ಅಳತೆ ನಿಮಗೂ ಯಾರಾದರೂ ಹೇಳಿರುತ್ತಾರೆ. ಅಳತೆ ಸರಿಯಾಗಿಯೇ ಹಾಕಿದ್ದೆ. ಆದರೆ ಬೆಲ್ಲ ಹುಳಿಯುವಾಗ ಗ್ಯಾಸ್ ಹುಟ್ಟುತ್ತದೆ. ಬಾಟಲಿ ಕಂಠದವರೆಗೆ ತುಂಬಬಾರದು. ಮೊದಲ ತಿಂಗಳು ದಿನಾ ಒಂದು ಸಲ ಮುಚ್ಚಳ ಸಡಿಲಿಸಿ ಬಿಗಿ ಮಾಡಬೇಕು. ನಾನು ಗಟ್ಟಿಯಾಗಿ ತಿರುಗಿಸಿ, ಮರೆತು, ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದಿದ್ದೆ. ಪುಣ್ಯಕ್ಕೆ ಪ್ಲಾಸ್ಟಿಕ್ ಬಾಟಲಿ. ಗಾಜಿನದ್ದಾಗಿದ್ದರೆ ಈ ಮಾತನ್ನು ನಗುತ್ತಾ ಹೇಳುತ್ತಿರಲಿಲ್ಲ.

ಗೋಡೆಗೆ ಹತ್ತಿದ ಬೆಲ್ಲದ ಅಂಟು ತೊಳೆಯೋಕೆ ಬೆಳಗ್ಗೆ ಅಂಗಡಿಯಿಂದ ಒಂದು ಬಾಟಲಿ ಫಿನಾಯಿಲ್ ತರಿಸಿದೆ. ಫಿನಾಯಿಲ್ ದುಡ್ಡು ಉಳಿಸೋಕೆ ಅಂತಲೇ ಅಲ್ವಾ ಅದನ್ನು ಮಾಡಿದ್ದು!

ನಾನು ಕೆಲಸದಲ್ಲಿದ್ದಾಗ ಲೆಕ್ಕ ಬರೆದವಳು. ಅವತ್ತೇ ಒಂದು ನೋಟ್‌ಬುಕ್ ತೆಗೆದೆ. ಮನೆಯಲ್ಲಿ ಮಾಡಿಕೊಳ್ಳುವ ಪ್ರತಿಯೊಂದಕ್ಕೂ ಎರಡು ಕಾಲಂ. ಉಳಿದ ದುಡ್ಡು ಎಷ್ಟು, ಹೋದ ಹೊತ್ತು ಎಷ್ಟು. ಒಂದು ತಿಂಗಳಾದ ಮೇಲೆ ನೋಡಿದರೆ ಮೂರನೇ ಕಾಲಂ ಒಂದು ಹುಟ್ಟಿಕೊಂಡಿತ್ತು. ನನ್ನ ಸೊಸೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಮೇಲೆ ‘ಯಾರ ಹೊತ್ತು?’ ಅಂತ ಬರೆದಿದ್ದಳು. ಮೊದಲು ಸ್ವಲ್ಪ ಸಿಟ್ಟು ಬಂತು. ಆಮೇಲೆ ತುಂಬೋಕೆ ಕೂತೆ. ಎಲ್ಲ ಸಾಲಿನಲ್ಲೂ ಒಂದೋ ನನ್ನ ಹೆಸರು, ಇಲ್ಲ ಅವಳ ಹೆಸರು. ಇವತ್ತು ನಾನು ಹೇಳೋದೆಲ್ಲ ಆ ನೋಟ್‌ಬುಕ್ಕಿನದ್ದೇ.

ಮೊದಲು ಹಾಲು. ಮೊಸರಿಗೆ ಹೆಪ್ಪು ಹಾಕೋಕೆ ಎಷ್ಟು ಹೊತ್ತು? ಹಾಲು ಹೇಗೂ ಕಾಯಿಸುತ್ತೇವೆ. ಉಗುರುಬೆಚ್ಚಗೆ ಆದಾಗ ಅರ್ಧ ಚಮಚ ಮೊಸರು ಹಾಕಿ ಕದಡಿದರೆ ಮುಗಿಯಿತು. ಎರಡು ನಿಮಿಷ. ಪ್ಯಾಕೆಟ್ ಮೊಸರಿಗೂ ಹಾಲಿಗೂ ರೇಟಿನಲ್ಲಿ ಇರುವ ವ್ಯತ್ಯಾಸ ಸಣ್ಣದೇ. ಆದರೆ ದಿನಾ ಮೊಸರು ತಿನ್ನುವ ಮನೆಯಲ್ಲಿ ನಿಮಿಷಕ್ಕೆ ಇಷ್ಟು ಅಂತ ಲೆಕ್ಕ ಹಾಕಿದರೆ ಇದನ್ನು ಮೀರಿಸಿದ ಬಾಬ್ತು ನನ್ನ ನೋಟ್‌ಬುಕ್‌ನಲ್ಲಿ ಇಲ್ಲ.

ತುಪ್ಪದ ವಿಷಯ ಬೇರೆ. ‘ಮನೆಯಲ್ಲೇ ತುಪ್ಪ ಕಾಯಿಸುತ್ತೇವೆ, ಕೊಳ್ಳೋದೇ ಇಲ್ಲ’ ಅಂತ ತುಂಬ ಜನ ಹೇಳುತ್ತಾರೆ. ಸರಿ, ಲೆಕ್ಕ ನೋಡೋಣ. ಟೋನ್ಡ್ ಹಾಲಿನಲ್ಲಿ ಕೊಬ್ಬಿನಂಶ ಶೇ 3. ಅಂದರೆ ಲೀಟರಿಗೆ 30 ಗ್ರಾಂ. ಒಂದು ಕಿಲೋ ತುಪ್ಪ ಬರಬೇಕಾದರೆ ಕಾಗದದ ಮೇಲೆಯೇ 33 ಲೀಟರ್ ಹಾಲು ಬೇಕು. ಕೊಬ್ಬೆಲ್ಲ ಕೆನೆಯಾಗಿ ಮೇಲೆ ಬರಲ್ಲ, ಹಾಗಾಗಿ ನಿಜವಾಗಿ ಬೇಕಾಗೋದು ಇನ್ನೂ ಜಾಸ್ತಿ. ಫುಲ್ ಕ್ರೀಮ್ ಹಾಲಾದರೆ ಶೇ 6, ಸುಮಾರು ಅರ್ಧ ಸಾಕು. ಪ್ಯಾಕೆಟ್ ಮೇಲೆ ‘ಹೋಮೋಜಿನೈಸ್ಡ್’ ಅಂತ ಇದ್ದರೆ ಕೆನೆಯ ಆಸೆ ಬಿಟ್ಟುಬಿಡಿ. ಕೊಬ್ಬನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ಹಾಲಿನಲ್ಲೇ ಬೆರೆಸಿರುತ್ತಾರೆ. ಅದು ಮೇಲೆ ಬಂದು ಕಟ್ಟಲ್ಲ. ಇದು ಗೊತ್ತಿಲ್ಲದೆ ನಮ್ಮ ಪಕ್ಕದ ಮನೆಯವರು ಹಾಲಿನ ಹುಡುಗನ ಹತ್ತಿರ ಆರು ತಿಂಗಳು ಜಗಳ ಆಡಿದ್ದಾರೆ.

ಕುಡಿಯೋಕೆ ತಂದ ಹಾಲಿನ ಕೆನೆ ತೆಗೆದಿಟ್ಟು ತುಪ್ಪ ಮಾಡಿದರೆ ಅದು ಲಾಭ. ತುಪ್ಪಕ್ಕೆ ಅಂತ ದಪ್ಪ ಹಾಲು ತರೋಕೆ ಶುರು ಮಾಡಿದರೆ ಅದು ಶೋಕಿ. ಶೋಕಿ ಮಾಡಬಾರದು ಅಂತ ಏನಿಲ್ಲ. ಉಳಿತಾಯದ ಕಾಲಂನಲ್ಲಿ ಬರೆಯಬೇಡಿ, ಅಷ್ಟೆ.

ಈಗ ಅಡುಗೆಗೆ ಬರೋಣ. ನನಗೆ ಒಂದೇ ಅಡುಗೆ ಬಗ್ಗೆ ಮಾತಾಡು ಅಂದರೆ ಬಸ್ಸಾರಿನ ಬಗ್ಗೆ ಮಾತಾಡುತ್ತೇನೆ. ನಮ್ಮ ಹಳೇ ಮೈಸೂರಿನ ಕಡೆಯವರಿಗೆ ಇದನ್ನು ಹೇಳಿಕೊಡೋದು ಮೀನಿಗೆ ಈಜು ಹೇಳಿಕೊಟ್ಟ ಹಾಗೆ. ಆದರೆ ಇಲ್ಲಿ ಹುಬ್ಬಳ್ಳಿ ಕಡೆಯಿಂದ ಬಂದವರೂ ಇದ್ದೀರಿ, ಹೊಸದಾಗಿ ಸಂಸಾರ ಹೂಡಿದವರೂ ಇದ್ದೀರಿ. ಅದಕ್ಕೆ ಪೂರ್ತಿ ಹೇಳುತ್ತೇನೆ.

ಒಂದು ಲೋಟ ಅಲಸಂದೆ ಕಾಳು ರಾತ್ರಿ ನೆನೆಹಾಕಿ. ಬೆಳಗ್ಗೆ ಅದನ್ನು ತೆರೆದ ಪಾತ್ರೆಯಲ್ಲಿ ಧಾರಾಳವಾಗಿ ನೀರು ಹಾಕಿ ಬೇಯೋಕಿಡಿ. ಕಾಳು ಮುಕ್ಕಾಲು ಬೆಂದಾಗ ಎರಡು ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕಿ. ಎಳೆ ದಂಟನ್ನೂ ಬಿಸಾಕಬೇಡಿ, ಅದೇ ರುಚಿ. ಉಪ್ಪು ಹಾಕಿ. ಸೊಪ್ಪು ಬೇಯಬೇಕು, ಕರಗಬಾರದು. ಕಾಳು ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ಸಿಪ್ಪೆ ಬಿಟ್ಟು ಓಡಬಾರದು. ಈ ಹದ ತಪ್ಪಿದರೆ ಪಲ್ಯ ಹೋಗಿ ಮಸೊಪ್ಪು ಆಗುತ್ತದೆ. ಆಮೇಲೆ ಬಸಿಯಿರಿ. ಕೆಳಗೆ ಇಳಿದ ನೀರೇ ಕಟ್ಟು. ಅದರಲ್ಲೇ ಸಾರು.

ಸ್ವಲ್ಪ ಎಣ್ಣೆಯಲ್ಲಿ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ನಾಲ್ಕೈದು ಒಣಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಹತ್ತು ಕಾಳುಮೆಣಸು ಹುರಿಯಿರಿ. ಈರುಳ್ಳಿ ಅಂಚು ಸ್ವಲ್ಪ ಕಪ್ಪಾದರೂ ಪರವಾಗಿಲ್ಲ, ಆಗಲೇ ಘಮ. ಒಂದು ಹಿಡಿ ತೆಂಗಿನಕಾಯಿ ತುರಿ, ಗೋಲಿಯಷ್ಟು ಹುಣಸೆಹಣ್ಣು, ಬೆಂದ ಕಾಳು-ಸೊಪ್ಪು ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಈ ಒಂದು ಸೌಟಿನಲ್ಲೇ ಗುಟ್ಟು ಇರೋದು. ಸಾರಿಗೆ ಮೈ ಕೊಡೋದು ಅದು. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಕುದಿಸಿ. ಉಳಿದ ಕಾಳು-ಸೊಪ್ಪಿಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿದರೆ ಪಲ್ಯ. ಜೊತೆಗೆ ರಾಗಿ ಮುದ್ದೆ.

ಒಲೆ ಮೇಲೆ ಬೇಯಿಸಿದ್ದು ಒಂದೇ ಸಲ, ತಟ್ಟೆಯಲ್ಲಿ ಎರಡು ಪದಾರ್ಥ. ಬೇಯಿಸಿದ ನೀರು ಮೋರಿಗೆ ಹೋಗಲಿಲ್ಲ. ನಾಲ್ಕು ಜನಕ್ಕೆ ಎರಡು ಹೊತ್ತಿಗೆ ಆಗುತ್ತದೆ. ಮಾರನೇ ದಿನ ಕುದಿಸಿ ಬತ್ತಿಸಿದ ಬಸ್ಸಾರಿನ ರುಚಿ ನಿಮಗೇ ಗೊತ್ತು. ‘ಬಜೆಟ್ ಅಡುಗೆ’ ಅಂತ ಈಗ ಹೆಸರಿಟ್ಟು ವಿಡಿಯೋ ಮಾಡುತ್ತಾರೆ. ನಮ್ಮ ಅಜ್ಜಿಯರಿಗೆ ಬಜೆಟ್ ಅನ್ನೋ ಪದವೇ ಗೊತ್ತಿರಲಿಲ್ಲ.

ಸಿಪ್ಪೆ ಅಡುಗೆಗಳೂ ಹೀಗೇ. ಹೀರೆಕಾಯಿ ತಂದ ದಿನ ಅದರ ಸಿಪ್ಪೆ ಚಟ್ನಿ ಬಿಟ್ಟಿ ಬಂದ ಹಾಗೆ. ಎಣ್ಣೆಯಲ್ಲಿ ಗರಿ ಆಗುವವರೆಗೆ ಹುರಿದು, ಉದ್ದಿನಬೇಳೆ, ಮೆಣಸಿನಕಾಯಿ, ಕಾಯಿ, ಹುಣಸೆ ಹಾಕಿ ರುಬ್ಬೋದು. ಕಲ್ಲಂಗಡಿಯ ಕೆಂಪು ತಿಂದ ಮೇಲೆ ಉಳಿಯುವ ಬಿಳಿ ಭಾಗವನ್ನು ನೆನೆಸಿದ ಅಕ್ಕಿ ಜೊತೆ ರುಬ್ಬಿದರೆ ಮೆತ್ತನೆ ದೋಸೆ. ಕರಾವಳಿ, ಮಲೆನಾಡಿನ ಕಡೆ ಇದು ಮಾಮೂಲಿ. ನಾನು ಕಲಿತಿದ್ದು ಸಾಗರದ ಬೀಗಿತ್ತಿಯಿಂದ. ತಂಬುಳಿಯನ್ನು ಕಲಿಸಿದವರೂ ಅವರೇ. ಕುಂಡದಿಂದ ಹತ್ತು ದೊಡ್ಡಪತ್ರೆ ಎಲೆ ಕಿತ್ತು, ತುಪ್ಪದಲ್ಲಿ ಜೀರಿಗೆ, ಮೆಣಸಿನ ಜೊತೆ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಆಯಿತು. ಕುದಿಸೋದೇ ಬೇಡ. ತರಕಾರಿ ಖರ್ಚು ಸೊನ್ನೆ.

2023ರ ಜುಲೈ ನೆನಪಿದೆಯಾ? ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ಕೋಲಾರದಂಥ ದೊಡ್ಡ ಟೊಮೆಟೊ ಮಾರುಕಟ್ಟೆ ನಮ್ಮಲ್ಲೇ ಇದ್ದೂ ಆ ಸ್ಥಿತಿ. ನಮ್ಮ ಮನೆ ಸಾರಿಗೆ ಏನೂ ಆಗಲಿಲ್ಲ, ಏಕೆಂದರೆ ಜಾಡಿಯಲ್ಲಿ ಹುಣಸೆಹಣ್ಣು ಇತ್ತು. ಬೇಸಿಗೆ ಶುರುವಿನಲ್ಲಿ ಹೊಸ ಹುಣಸೆಹಣ್ಣು ಬಂದಾಗ ವರ್ಷಕ್ಕೆ ಆಗುವಷ್ಟು ತಂದು, ಬೀಜ, ನಾರು ಬಿಡಿಸಿ, ಎರಡು ಬಿಸಿಲು ಕಾಯಿಸಿ, ಮಧ್ಯೆ ಮಧ್ಯೆ ಕಲ್ಲುಪ್ಪು ಉದುರಿಸಿ ಜಾಡಿಗೆ ಒತ್ತಿ ತುಂಬೋದು. ಬಿಡಿಸುವ ಕೆಲಸ ಒಬ್ಬರಿಗೆ ಬೇಜಾರು. ನಾಲ್ಕು ಜನ ಕೂತರೆ ಹರಟೆ. ಇದನ್ನು ಮೂರನೇ ಕಾಲಂನಲ್ಲಿ ‘ಎಲ್ಲರ ಹೊತ್ತು’ ಅಂತ ಬರೆದಿದ್ದೇನೆ.

ಸಾರಿನ ಪುಡಿ ಬಗ್ಗೆ ನಿಮಗೆ ಬೇಜಾರಾದರೂ ನಿಜ ಹೇಳಬೇಕು. ಒಳ್ಳೇ ಬ್ಯಾಡಗಿ ಮೆಣಸಿನಕಾಯಿ ತಂದು ಮಾಡಿದರೆ ಇದರಲ್ಲಿ ಉಳಿಯುವ ದುಡ್ಡು ಅಷ್ಟಕ್ಕಷ್ಟೆ. ಹಾವೇರಿ ಜಿಲ್ಲೆಯ ಆ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ರೇಟು ಖಾರ. 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿದೆ. ನಾನು ಮನೆಯಲ್ಲೇ ಮಾಡೋದು ರುಚಿಗೆ. ಕೊತ್ತಂಬರಿ ಬೀಜ 250 ಗ್ರಾಂ, ಬ್ಯಾಡಗಿ 150, ಗುಂಟೂರು 50, ಜೀರಿಗೆ 50, ಕಾಳುಮೆಣಸು 25, ಮೆಂತ್ಯ 20, ಎರಡು ಹಿಡಿ ಕರಿಬೇವು, ಸ್ವಲ್ಪ ಇಂಗು. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಮೆಂತ್ಯ ಸೀದರೆ ಇಡೀ ಡಬ್ಬ ಕಹಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಮಿಲ್ಲಿಗೆ ಕೊಡುವುದಾದರೆ ನಿಮ್ಮ ಮುಂದೆ ಯಾರು ಏನು ಹಾಕಿಸಿದರು ಅಂತ ನೋಡಿಕೊಂಡು ಕೊಡಿ. ಒಮ್ಮೆ ನಮ್ಮ ರಾಗಿ ಹಿಟ್ಟು ಯಾರದೋ ಅಚ್ಚಖಾರದ ಪುಡಿಯ ಹಿಂದೆ ಬಿತ್ತು. ಒಂದು ವಾರ ಮುದ್ದೆ ಉಣ್ಣುತ್ತಾ ಎಲ್ಲರೂ ಮೂಗು ಒರೆಸಿಕೊಂಡೆವು.

ತೊಳೆಯುವ ಬಳಿಯುವ ವಿಷಯಕ್ಕೆ ಬಂದರೆ, ಅಲ್ಲೇ ಜಾಸ್ತಿ ಸುಳ್ಳು ಓಡಾಡೋದು. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಬುಸ್ ಅನ್ನಿಸಿ ತೋರಿಸುತ್ತಾರಲ್ಲ, ಆ ನೊರೆ ನೋಡೋಕೆ ಚೆಂದ. ಆದರೆ ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ತಿಂದುಕೊಂಡು ಉಳಿಯೋದು ಹೆಚ್ಚುಕಡಿಮೆ ಉಪ್ಪುನೀರು. ಜಿಡ್ಡಿಗೆ ಸೋಡಾ ಒಂದನ್ನೇ ಹಾಕಿ ಉಜ್ಜಿ. ನಲ್ಲಿಯ ಬಿಳಿ ಕರೆಗೆ ವಿನೆಗರ್ ಅಥವಾ ನಿಂಬೆಹಣ್ಣು ಸಾಕು. ಹಿತ್ತಾಳೆಗೆ ಹುಣಸೆಹಣ್ಣು. ಮಾರ್ಬಲ್ ನೆಲಕ್ಕೆ ಮಾತ್ರ ಹುಳಿ ಯಾವುದೂ ಬೇಡ, ಕಲ್ಲನ್ನೇ ತಿನ್ನುತ್ತದೆ. ನನ್ನ ಬಯೋ ಎಂಜೈಮ್ ಕೂಡ ಹುಳಿಯೇ, ನೆನಪಿರಲಿ. ಮತ್ತೆ ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಆಸಿಡ್ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ.

ಅಂಟುವಾಳಕಾಯಿ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ. ಸಿಪ್ಪೆಯಲ್ಲೇ ನೊರೆ ಬರಿಸುವ ಅಂಶ ಇದೆ. 15-20 ಕಾಯಿ ಬೀಜ ತೆಗೆದು, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿ. ರೇಷ್ಮೆ ಸೀರೆಗೆ, ಒಡವೆಗೆ ಇದಕ್ಕಿಂತ ಹಿತವಾದದ್ದು ಬೇರೆ ಇಲ್ಲ. ಆದರೆ ಹೊರಗಿಟ್ಟರೆ ಎರಡು ಮೂರು ದಿನಕ್ಕೇ ಹುಳಿ ನಾತ. ಫ್ರಿಜ್‌ನಲ್ಲಿಟ್ಟರೆ ಒಂದು ವಾರ. ಕಣ್ಣಿಗೆ ಬಿದ್ದರೆ ಉರಿ. ದಿನಾ ಪಾತ್ರೆ ತೊಳೆಯೋಕೂ ಇದನ್ನೇ ಬಳಸುತ್ತೇನೆ ಅಂತ ಹೊರಟಿದ್ದೆ. ಮೂರು ವಾರಕ್ಕೆ ಬಿಟ್ಟೆ. ಹೊತ್ತಿನ ಕಾಲಂ ತುಂಬಿ ತುಳುಕಿತ್ತು.

ಮೈಸೋಪು ಮನೆಯಲ್ಲಿ ಮಾಡೋಣ್ವಾ ಅಂತ ಈ ಸಾಲಿನಲ್ಲಿ ಒಬ್ಬರು ಆಗಲೇ ಕೇಳಿದರು. ಮಾಡಿ, ಖುಷಿಗೆ. ಸೋಪಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಎಣ್ಣೆಯೇ. ಕೊಬ್ಬರಿ ಎಣ್ಣೆ ಈಗಿರುವ ರೇಟಿಗೆ ಅಂಗಡಿ ಸೋಪೇ ಅಗ್ಗ. ಮೇಲಿಂದ ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ. ಮಕ್ಕಳಿರುವ ಮನೆಗೆ ಬೇಡ ಅನ್ನೋದು ನನ್ನ ಅಭಿಪ್ರಾಯ.

ದುಡ್ಡು ನಿಜವಾಗಿ ಸೋರೋದು ಒಲೆಯಲ್ಲಿ. ನಮ್ಮ ಸಿಲಿಂಡರ್‌ನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ಹೊಸದು ಹಾಕಿದ ದಿನ ಕ್ಯಾಲೆಂಡರ್ ಮೇಲೆ ಗುರುತು ಹಾಕಿ, ಎಷ್ಟು ದಿನ ಬಂತು ನೋಡಿ. ಗುರುತು ಹಾಕದೆ ಉಳಿತಾಯದ ಮಾತಾಡಿ ಪ್ರಯೋಜನ ಇಲ್ಲ. ಕುಕ್ಕರ್ ಒಳಗೆ ಒತ್ತಡ ಏರಿದಾಗ ನೀರು ಕುದಿಯೋದು ಸುಮಾರು 120 ಡಿಗ್ರಿಯಲ್ಲಿ, ಅದಕ್ಕೇ ಬೇಗ ಬೇಯೋದು. ಮೊದಲ ಕೂಗು ಬಂದ ಮೇಲೆ ಉರಿ ಜೋರಾಗಿಟ್ಟರೆ ಒಳಗಿನ ಬಿಸಿ ಹೆಚ್ಚಾಗಲ್ಲ, ಆವಿ ಮಾತ್ರ ಹೊರಗೆ ಹೋಗುತ್ತದೆ. ನಾವು ಐದು ಕೂಗು, ಆರು ಕೂಗು ಅಂತ ಎಣಿಸುತ್ತಾ ಕೂರುತ್ತೇವಲ್ಲ, ದುಡ್ಡು ಕೊಟ್ಟು ಸಂಗೀತ ಕೇಳಿದ ಹಾಗೆ ಅದು. ಒಂದು ಕೂಗಾದ ಮೇಲೆ ಉರಿ ಸಣ್ಣ ಮಾಡಿ, ಗಡಿಯಾರ ನೋಡಿ. ಕಾಳು ರಾತ್ರಿಯೇ ನೆನೆಸಿ. ನಮ್ಮಮ್ಮ ಅನ್ನಕ್ಕೆ ಎಸರು ಬಂದು ಐದು ನಿಮಿಷ ಕುದಿದ ಮೇಲೆ ಪಾತ್ರೆಯನ್ನು ಮುಚ್ಚಳದ ಸಮೇತ ಒಣಹುಲ್ಲಿನ ಬುಟ್ಟಿಯೊಳಗೆ ಹೂತು, ಮೇಲೆ ಗೋಣಿಚೀಲ ಮುಚ್ಚುತ್ತಿದ್ದರು. ಮುಕ್ಕಾಲು ಗಂಟೆಗೆ ಅನ್ನ ಅರಳಿರುತ್ತಿತ್ತು. ನಾನು ಹಳೇ ಕೌದಿ ಸುತ್ತಿ ನೋಡಿದೆ, ಆಗುತ್ತದೆ. ಆದರೆ ಆಗಲೇ ಊಟ ಮಾಡಬೇಕು, ಸಂಜೆವರೆಗೆ ಅಲ್ಲೇ ಬಿಡಬಾರದು.

ಕರೆಂಟ್ ವಿಷಯ ಬೇಗ ಮುಗಿಸುತ್ತೇನೆ. ಹಳೇ ಫ್ಯಾನ್ 75 ವ್ಯಾಟ್. ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 22 ಯೂನಿಟ್ ಮೇಲೆ. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು, 9 ಯೂನಿಟ್. ‘ಗೃಹಜ್ಯೋತಿ ಇದೆಯಲ್ಲ ಅಕ್ಕ, ಕರೆಂಟ್ ಫ್ರೀ’ ಅಂತೀರಿ. ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ 190ರ ಹತ್ತಿರ ಓಡಾಡುವ ಮನೆಗೆ ಎರಡು ಫ್ಯಾನ್ ಬದಲಾಯಿಸಿದರೆ ಆಗುವ ವ್ಯತ್ಯಾಸ ನೀವೇ ಹಾಕಿ ನೋಡಿ.

ಕೌದಿ ಅಂದೆನಲ್ಲ. ಉತ್ತರ ಕರ್ನಾಟಕದವರಿಗೆ ನಾನು ಹೇಳಬೇಕಾಗಿಲ್ಲ. ಮೆತ್ತಗಾದ ಹತ್ತಿ ಸೀರೆ, ಪಂಚೆಗಳನ್ನು ಐದಾರು ಪದರ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಉದ್ದ ಎಳೆ ಹೊಲಿಗೆ ಹಾಕುತ್ತಾರೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ತುಂಡು ಬಟ್ಟೆಯ ‘ಫುಲ’, ಅಂದರೆ ಹೂವು, ಇಡುತ್ತಾರೆ. ನಾನು ಹೊಲಿದದ್ದು ನೆಟ್ಟಗಿಲ್ಲ, ಒಂದು ಕಡೆ ಎಳೆದುಕೊಂಡಿದೆ. ಎರಡು ತಿಂಗಳು ಸಂಜೆ ಸಂಜೆ ಕೂತಿದ್ದೇನೆ. ದುಡ್ಡಿನ ಲೆಕ್ಕಕ್ಕೆ ನಷ್ಟ. ಒಂದು ಪದರದಲ್ಲಿ ನಮ್ಮಮ್ಮನ ಸೀರೆ ಇದೆ. ಈ ಸಾಲನ್ನು ನೋಟ್‌ಬುಕ್‌ನಲ್ಲಿ ಬರೆದೇ ಇಲ್ಲ.

ಕೊನೆಯಲ್ಲಿ ಒಬ್ಬ ಹುಡುಗಿ ಕೇಳಿದಳು: “ಆಂಟಿ, ಇಡ್ಲಿ ಹಿಟ್ಟು ಪ್ಯಾಕೆಟ್ ತರೋದು ತಪ್ಪಾ? ನಾವಿಬ್ಬರೂ ಏಳು ಗಂಟೆಗೆ ಮನೆಗೆ ಬರ್ತೀವಿ.” ತಪ್ಪಿಲ್ಲಮ್ಮ. ಒಂದು ಕಿಲೋ ಹಿಟ್ಟಿನಲ್ಲಿ ಅಕ್ಕಿ ಮತ್ತು ಉದ್ದು ಸೇರಿ ನನ್ನ ಅಳತೆಗೆ ಸುಮಾರು 400 ಗ್ರಾಂ, ಉಳಿದದ್ದು ನೀರು. ಆ 400 ಗ್ರಾಂನ ಬೆಲೆ ಕಳೆದರೆ ಉಳಿಯೋದು ರುಬ್ಬಿಕೊಟ್ಟವರ ಕೂಲಿ, ಅಂಗಡಿಯವರ ಲಾಭ. ನೆನೆಸಿ, ರುಬ್ಬಿ, ಗ್ರೈಂಡರ್ ತೊಳೆಯುವ ಕೂಲಿ ಅಷ್ಟಿಲ್ಲ ಅನ್ನಿಸಿದರೆ ಭಾನುವಾರ ಇಬ್ಬರೂ ಸೇರಿ ರುಬ್ಬಿ. ಒಬ್ಬಳೇ ರುಬ್ಬುವುದಾದರೆ ಪ್ಯಾಕೆಟ್ಟೇ ತಗೋ.

ಅದಕ್ಕೆ ಹಿಂದಿನ ಸಾಲಿನಿಂದ ಯಾರೋ, “ನಿಮ್ಮ ಮನೆಯಲ್ಲಿ ಯಜಮಾನರು ಏನು ಮಾಡ್ತಾರೆ, ಅದನ್ನೂ ಹೇಳಿ” ಅಂದರು. ಎಲ್ಲರೂ ನಕ್ಕರು. ಅವರು ಬಾಗಿಲ ಹತ್ತಿರವೇ ಕೂತಿದ್ದರು.

ಮೊಸರಿಗೆ ಹೆಪ್ಪು ಹಾಕೋದು ಈಗ ಅವರ ಪಾಲಿಗೆ. ಮೊದಲ ದಿನ ಕುದಿಯುತ್ತಿದ್ದ ಹಾಲಿಗೇ ಒಂದು ಸೌಟು ಹುಳಿ ಮೊಸರು ಸುರಿದರು. ಹಾಲು ಒಡೆಯಿತು. ಬಸಿದು, ಉಪ್ಪು, ಮೆಣಸಿನ ಪುಡಿ ಹಾಕಿ ಚಪಾತಿ ಜೊತೆ ತಿಂದೆವು, ಚೆನ್ನಾಗೇ ಇತ್ತು. ಅದನ್ನು ಯಾವ ಕಾಲಂನಲ್ಲಿ ಬರೆಯೋದು ಅಂತ ನಾನೂ ಸೊಸೆಯೂ ಇನ್ನೂ ತೀರ್ಮಾನ ಮಾಡಿಲ್ಲ.